ಬೊಂಡಾಸ್ ಒಳಗಿನ ಬಿಳಿ ಎಳೆ ಎಲ್ಲವೂ ಹುಳವಲ್ಲ

ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ (ಮೀನುಗಾರಿಕೆ ಬಂದರು) ಬೊಂಡಾಸ್, ಅಂದರೆ ಸ್ಕ್ವಿಡ್, ತರುವವರಿಗೆ ಒಂದು ಮಾತು. ಸೀಳಿದಾಗ ಒಳಗೆ ಬಿಳಿ ಎಳೆಗಳು ಕಂಡರೆ ಗಾಬರಿಯಾಗಿ ಎಸೆಯಬೇಡಿ. ಗಂಡು ಬೊಂಡಾಸ್‌ನ ವೀರ್ಯದ ಚೀಲಗಳು ಹಾಗೇ ಇರುತ್ತವೆ. ಸಣ್ಣ ಬಿಳಿ ಕಡ್ಡಿಗಳು, ಹೆಚ್ಚುಕಡಿಮೆ ಒಂದೇ ಅಳತೆ, ಕಟ್ಟು ಕಟ್ಟಿ ಜೋಡಿಸಿಟ್ಟ ಹಾಗೆ. ಮುಟ್ಟಿದರೆ ಚಿಮ್ಮಿ ಅಲುಗಾಡುವುದೂ ಉಂಟು, ಅದಕ್ಕೇ ಜನ ಹುಳ ಅಂದುಕೊಳ್ಳುತ್ತಾರೆ. ಹೆಣ್ಣಿನಲ್ಲಿ ಎರಡು ಉದ್ದನೆಯ ಬಿಳಿ ಗ್ರಂಥಿಗಳಿರುತ್ತವೆ. ಅವೂ ಹುಳವಲ್ಲ.

ನಿಜವಾದ ಹುಳ ಬೇರೆ, ಅದು ಅನಿಸಾಕಿಸ್ ಎಂಬ ಪರಾವಲಂಬಿ. ಸುಮಾರು 2-3 ಸೆಂ.ಮೀ. ಉದ್ದ, ದಾರದಷ್ಟು ದಪ್ಪ. ಸಾಮಾನ್ಯವಾಗಿ ಗಡಿಯಾರದ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿಕೊಂಡು ಕರುಳಿನ ಮೇಲೋ ಒಳಗೋಡೆಗೋ ಅಂಟಿರುತ್ತದೆ. ಸುಮ್ನೆ ಉಂಗುರ ಕತ್ತರಿಸಿದರೆ ಕಣ್ಣು ತಪ್ಪಬಹುದು. ಉದ್ದಕ್ಕೆ ಸೀಳಿ, ಬೆಳಕಿಗೆ ಹಿಡಿದು ನೋಡಿ. ಕಂಡರೆ ಚಾಕುವಿನ ತುದಿಯಿಂದ ತೆಗೆಯಿರಿ.

ಲಿಂಬೆರಸ, ಉಪ್ಪು, ವಿನೆಗರ್ ಹಚ್ಚಿಟ್ಟರೆ ಹುಳ ಸಾಯುತ್ತದೆ ಅನ್ನುವುದನ್ನು ದಯವಿಟ್ಟು ನಂಬಬೇಡಿ. ಒಳಗಿನವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ತಾಗಬೇಕು. ನಮ್ಮ ಸುಕ್ಕ, ಗಸಿ ಚೆನ್ನಾಗಿ ಬೆಂದರೆ ಸಾಕು, ಚಿಂತೆಯಿಲ್ಲ. ಹಸಿಯಾಗಿ ತಿನ್ನುವುದಾದರೆ ಮಾತ್ರ ಮೊದಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟಿರಬೇಕು. ಮನೆಯ ಫ್ರಿಜ್ಜಿನ ಫ್ರೀಜರ್ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ.