ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲೆ ಗಾಡಿ ಎಳೀತಿಲ್ವಾ?

ಹೊಸ ರಿಪೇರಿ ಕಿಟ್ ಹಾಕಿ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಕೂರಿಸಿದ ಮೇಲೂ ಇಂಜಿನ್ ತಡವರಿಸಿದರೆ, ಮತ್ತೆ ಪೂರ್ತಿ ಬಿಚ್ಚೋಕೆ ಹೋಗಬೇಡಿ. ಮೊದಲು ಗಾಳಿ ಸೋರಿಕೆ ನೋಡಿ. ಬಿಚ್ಚುವಾಗ ಅಲುಗಾಡಿದ ವ್ಯಾಕ್ಯೂಮ್ ಪೈಪ್, ಸರಿಯಾಗಿ ಕೂರದ ಬೇಸ್ ಗ್ಯಾಸ್ಕೆಟ್ (ಕಾರ್ಬುರೇಟರ್ ಬುಡದ ಸೀಲ್), ಇವೇ ಹೆಚ್ಚಿನ ಸಲ ಕಾರಣ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ (ಆಕ್ಸಲರೇಟರ್ ಒತ್ತದೆ ಓಡುತ್ತಿರುವಾಗ) ಗ್ಯಾಸ್ಕೆಟ್ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪವೇ ಸ್ಪ್ರೇ ಮಾಡಿ. ಆರ್‌ಪಿಎಂ (ಇಂಜಿನ್ ವೇಗ) ಬದಲಾದರೆ ಸೋರಿಕೆ ಅಲ್ಲೇ. ಅದು ಬೇಗ ಹೊತ್ತಿಕೊಳ್ಳುವ ದ್ರವ, ಬಿಸಿ ಎಕ್ಸಾಸ್ಟ್ ಮೇಲೆ, ಸ್ಪಾರ್ಕ್ ಪ್ಲಗ್ ವೈರ್ ಹತ್ತಿರ ಬೀಳಬಾರದು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಆಕ್ಸಲರೇಟರ್ ಒತ್ತಿದ ತಕ್ಷಣ ಮಾತ್ರ ಮುಗ್ಗರಿಸುತ್ತಾ? ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು ಮೇಲಿಂದ ನೋಡುತ್ತಾ ಥ್ರಾಟಲ್ ತಿರುಗಿಸಿ. ಪೆಟ್ರೋಲ್ ಗಟ್ಟಿ ಧಾರೆಯಾಗಿ ಚಿಮ್ಮಬೇಕು. ಇಲ್ಲದಿದ್ದರೆ ಆ ಧಾರೆ ಚಿಮ್ಮಿಸುವ ಆಕ್ಸಲರೇಟರ್ ಪಂಪ್‌ನ ಡಯಾಫ್ರಮ್ (ರಬ್ಬರ್ ಪೊರೆ) ಅಥವಾ ಅದರ ಪೆಟ್ರೋಲ್ ದಾರಿ ನೋಡಿ.

ಐಡಲ್‌ನಲ್ಲಿ ನಿಲ್ಲದಿದ್ದರೆ ಐಡಲ್ ಜೆಟ್ (ಆಗ ಪೆಟ್ರೋಲ್ ಕೊಡುವ ಸಣ್ಣ ರಂಧ್ರದ ಭಾಗ) ಕಟ್ಟಿರಬಹುದು. ತಂತಿ ಚುಚ್ಚಬೇಡಿ, ರಂಧ್ರ ಹಿಗ್ಗಿದರೆ ಜೆಟ್ ಕೆಟ್ಟಂತೆ. ಗಾಳಿ ಹೊಡೆದು ಬಿಡಿಸಿ. ಮಿಕ್ಸ್ಚರ್ ಸ್ಕ್ರೂವನ್ನು (ಐಡಲ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಸ್ಕ್ರೂ) ಮೆಲ್ಲಗೆ ಕೂರುವವರೆಗೆ ತಿರುಗಿಸಿ, ಸುಮಾರು ಒಂದೂವರೆ ಸುತ್ತು ಹಿಂದಕ್ಕೆ ತಂದು ಅಲ್ಲಿಂದ ಹೊಂದಿಸಿ. ಬಿಗಿಯಾಗಿ ಒತ್ತಿದರೆ ಅದರ ಮೊನೆ ಹಾಳಾಗುತ್ತೆ.

ಪ್ಲಗ್ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ: ಫ್ಲೋಟ್ (ಒಳಗಿನ ಪೆಟ್ರೋಲ್ ಮಟ್ಟ ಕಾಯುವ ತೇಲುಬುಂಡೆ) ಮಟ್ಟ, ಅದು ಮುಚ್ಚಿ ತೆರೆಯುವ ನೀಡಲ್ ವಾಲ್ವ್ ನೋಡಿ; ಚೋಕ್ (ಗಾಳಿ ತಡೆಯುವ ಫಲಕ) ಪೂರ್ತಿ ತೆರೆಯುತ್ತಾ ಅಂತ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಲೋಟ್ ಅಳತೆಯನ್ನು ನಿಮ್ಮ ಮಾಡೆಲ್‌ನ ಮ್ಯಾನುಯಲ್ ನೋಡಿಯೇ ಇಡಿ, ಅಂದಾಜು ಬೇಡ.

ಇಷ್ಟೆಲ್ಲ ಸರಿಯಿದ್ದರೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ಪರೀಕ್ಷಿಸಿ.