ಹುಲ್ಲಿನ ನೀರು, ಮೂರು ಟ್ಯೂಬು, ಒಂದು ಕುಕ್ಕರ್

ಮೊದಲ ವರ್ಷದ ಬಿಎಸ್ಸಿ ಮಕ್ಕಳಿಗೆ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಶುರು ಮಾಡುವಾಗ ನಾನು ಮೊದಲು ಭತ್ತದ ಹುಲ್ಲು ತರಿಸುತ್ತೇನೆ. ಸೂಕ್ಷ್ಮಜೀವಿಗಳನ್ನೆಲ್ಲ ಪೂರ್ತಿ ಕೊಲ್ಲಲು ಏನು ಬೇಕು ಅಂದರೆ ‘121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, 15 ನಿಮಿಷ’ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಸುಮ್ನೆ ಕುದಿಸಿದರೆ ಯಾಕೆ ಸಾಲದು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಆ ಉತ್ತರವನ್ನು ಅವರು ಕಣ್ಣಾರೆ ನೋಡಬೇಕು ಅನ್ನೋದು ನನ್ನ ಆಸೆ.

ಒಂದು ಹಿಡಿ ಒಣ ಹುಲ್ಲನ್ನು ಸಣ್ಣಗೆ ಕತ್ತರಿಸಿ ಅರ್ಧ ಲೀಟರ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ಮೂರು ಟೆಸ್ಟ್ ಟ್ಯೂಬಿಗೆ ಹತ್ತತ್ತು ಎಂಎಲ್ ಹಾಕಿ, ಬಾಯಿಗೆ ಹತ್ತಿಯ ಬಿರಡೆ ಕೊಡಿ. ಔಷಧಿ ಅಂಗಡಿಯ ಹತ್ತಿ ಬೇಡ. ಅದು ನೀರು ಹೀರುತ್ತದೆ, ಒದ್ದೆ ಬಿರಡೆಯನ್ನು ದಾಟಿ ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಹಾಸಿಗೆಗೆ ತುಂಬುವ, ಸಂಸ್ಕರಿಸದ ಹತ್ತಿಯೇ ಒಳ್ಳೆಯದು.

ಒಂದನೇ ಟ್ಯೂಬನ್ನು ಹಾಗೇ ಬಿಡಿ. ಎರಡನೆಯದನ್ನು ಕುದಿಯುವ ನೀರಿನಲ್ಲಿ 10 ನಿಮಿಷ ನಿಲ್ಲಿಸಿ. ಮೂರನೆಯದು ಕುಕ್ಕರಿಗೆ.

ಕುಕ್ಕರ್ ಲ್ಯಾಬಿನದೇ ಇರಲಿ, ಅಡುಗೆಮನೆಯದು ಬೇಡ. ತಳದಲ್ಲಿ ಎರಡು ಬೆರಳಷ್ಟು ನೀರು, ಮೇಲೆ ತಟ್ಟೆ, ಅದರ ಮೇಲೆ ಡಬ್ಬಿಯಲ್ಲಿ ನೆಟ್ಟಗೆ ನಿಂತ ಟ್ಯೂಬು. ಬಿರಡೆಗೆ ಫಾಯಿಲ್ ಸುತ್ತಿ. ಮುಚ್ಚಳ ಹಾಕಿದ ತಕ್ಷಣ ವೆಯ್ಟ್ ಇಡಬೇಡಿ. ಮೊದಲು ಆವಿ ಒಂದೇ ಸಮನೆ ಐದು ನಿಮಿಷ ಹೊರಗೆ ಹೋಗಲಿ. ಒಳಗೆ ಗಾಳಿ ಉಳಿದರೆ ಒತ್ತಡ 15 ಪೌಂಡ್ ಆದರೂ ಶಾಖ 121ಕ್ಕೆ ಏರುವುದಿಲ್ಲ. ಆಮೇಲೆ ವೆಯ್ಟ್ ಇಡಿ. ಅದು ಮೊದಲ ಸಲ ಎದ್ದು ಕೂಗಿದ ಮೇಲೆ ಉರಿ ಸಣ್ಣ ಮಾಡಿ, ಅಲ್ಲಿಂದ ಹೊತ್ತು ಎಣಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಅದೇ ವೆಯ್ಟಿಗೆ ಒಳಗಿನ ಶಾಖ 120ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕೇ ನಾನು 15 ಅಲ್ಲ, 20 ನಿಮಿಷ ಇಡಿಸುತ್ತೇನೆ. ಇಳಿಸಿದ ಮೇಲೆ ತಾನಾಗೇ ಆರಲಿ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಟ್ಯೂಬಿನ ನೀರು ಉಕ್ಕಿ ಬಿರಡೆ ನೆನೆಯುತ್ತದೆ.

ಮೂರನ್ನೂ ಬೆಚ್ಚಗಿನ ಜಾಗದಲ್ಲಿಡಿ. ಒಂದನೆಯದು ಮಾರನೇ ದಿನವೇ ಮಬ್ಬಾಗುತ್ತದೆ. ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದರಿಂದ ಹೊರಟರೂ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ, ಲೆಕ್ಕ ಹಾಕಿ ನೋಡಿ. ಹುಲ್ಲಿನ ನೀರು ಅಷ್ಟು ಪುಷ್ಟಿಯಲ್ಲ, ಆದರೂ ಸಾಕಷ್ಟಾಯಿತು.

ಎರಡನೆಯದೇ ನನಗೆ ಇಷ್ಟ. ಮೊದಲ ದಿನ ಏನೂ ಕಾಣುವುದಿಲ್ಲ, ಮಕ್ಕಳು ‘ಕುದಿಸಿದ್ದೇ ಸಾಕಾಯ್ತಲ್ವಾ ಮೇಡಂ’ ಅನ್ನುತ್ತಾರೆ. ಎರಡು ಮೂರು ದಿನಕ್ಕೆ ಮೇಲೆ ಸುಕ್ಕುಸುಕ್ಕಾದ ಕೆನೆ ಕಟ್ಟುತ್ತದೆ. ಇದು ಸಾಮಾನ್ಯವಾಗಿ ಬೇಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ಮತ್ತು ಅದರ ನೆಂಟರ ಕೆಲಸ. 1876ರಲ್ಲಿ ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ ಬ್ರೆಸ್ಲಾವ್ ಊರಿನಲ್ಲಿ (ಈಗ ಪೋಲೆಂಡಿನಲ್ಲಿದೆ) ಹುಲ್ಲಿನ ನೀರನ್ನೇ ಕುದಿಸಿ, ಕಷ್ಟಕಾಲಕ್ಕೆಂದು ಕೋಶದೊಳಗೆ ಕಟ್ಟಿಕೊಳ್ಳುವ ಗಟ್ಟಿ ರೂಪವಾದ ಇದರ ಸ್ಪೋರ್‌ಗಳನ್ನು ಗುರುತಿಸಿದ್ದರು. ಮಾಮೂಲಿ ಬ್ಯಾಕ್ಟೀರಿಯಾ ಕೋಶದಲ್ಲಿ ಗೋಡೆ ಇದೆ, ಪೊರೆ ಇದೆ. ನ್ಯೂಕ್ಲಿಯಸ್ ಇಲ್ಲ, ಹಾಗೇ ಸುರುಳಿಯಾದ ಡಿಎನ್‌ಎ, ಬೇಕಾದಷ್ಟು ನೀರು ಇರುತ್ತವೆ. ಕುದಿಸಿದರೆ ಪ್ರೋಟೀನ್ ಹೆಪ್ಪುಗಟ್ಟಿ ಕೋಶ ಸಾಯುತ್ತದೆ. ಸ್ಪೋರ್ ಒಳಗೆ ನೀರು ತೀರಾ ಕಡಿಮೆ, ಡಿಪಿಕೊಲಿನಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ಜಾಸ್ತಿ, ಸುತ್ತ ಪದರದ ಮೇಲೆ ಪದರ. ಕುದಿಯುವ ನೀರನ್ನು ತಡೆದುಕೊಂಡು, ಆರಿದ ಮೇಲೆ ಮೊಳೆಯುತ್ತದೆ. ಅದಕ್ಕೇ ಈ ಟ್ಯೂಬು ತಡವಾಗಿ ಮಬ್ಬಾಗುವುದು.

ಆ ಕೆನೆಯಿಂದ ಒಂದು ಚೂರನ್ನು ಲೂಪಿನಲ್ಲಿ (ತುದಿ ಬಳೆಯಂತೆ ಬಾಗಿದ ತಂತಿ) ಸ್ಲೈಡಿಗೆ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ. ಮ್ಯಾಲಕೈಟ್ ಗ್ರೀನ್ ಅನ್ನೋ ಹಸಿರು ಬಣ್ಣ ಹಾಕಿ ಆವಿಯ ಮೇಲೆ ಐದು ನಿಮಿಷ ಹಿಡಿಯಿರಿ. ಬಣ್ಣ ಒಣಗಲು ಬಿಡಬೇಡಿ. ನೀರಿನಲ್ಲಿ ತೊಳೆದು ಅರ್ಧ ನಿಮಿಷ ಸ್ಯಾಫ್ರನಿನ್ ಅನ್ನೋ ಕೆಂಪು ಬಣ್ಣ ಕೊಡಿ. ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ (ಸ್ಲೈಡಿಗೆ ಎಣ್ಣೆಹನಿ ಹಾಕಿ ನೋಡುವ ಲೆನ್ಸ್) ಕೆಂಪು ಕಡ್ಡಿಗಳ ನಡುವೆ ಹಸಿರು ಮೊಟ್ಟೆಯಾಕಾರದ ಚುಕ್ಕಿಗಳು ಕಂಡರೆ ಅವೇ ಸ್ಪೋರ್. ಒಂದು ಕೋಶಕ್ಕೆ ಒಂದೇ ಸ್ಪೋರ್, ಇದು ಸಂತಾನ ಬೆಳೆಸುವ ದಾರಿಯಲ್ಲ.

ಮೂರನೇ ಟ್ಯೂಬು ವಾರವಾದರೂ ತಿಳಿಯಾಗಿರಬೇಕು. ಮಬ್ಬಾದರೆ ಬಿರಡೆ ನೋಡಿ, ವೆಯ್ಟ್ ಇಡುವ ಮುಂಚೆ ಗಾಳಿ ಹೋಗಿತ್ತಾ ನೋಡಿ.

ಮುಗಿದ ಮೇಲೆ ಯಾವ ಟ್ಯೂಬನ್ನೂ ಬಿಚ್ಚಿ ಮೂಸಬೇಡಿ, ನೇರ ಸಿಂಕಿಗೆ ಚೆಲ್ಲಬೇಡಿ. ಮೂರನ್ನೂ ಕುಕ್ಕರಿನಲ್ಲಿ ಇನ್ನೊಮ್ಮೆ ಅರ್ಧ ಗಂಟೆ ಇಟ್ಟು, ಆಮೇಲೆ ತೊಳೆಯಿರಿ.