ಟರ್ಮಿನಲ್ ಸೆಟ್ಟಿಂಗ್, ಥೀಮ್ ಎಲ್ಲ ಒಂದೇ ಕಡೆ: ಪೊನ್ನಂಪೇಟೆಯ ನಮ್ಮ ಮನೆಯಲ್ಲಿ ಮಾಡಿಕೊಂಡ ಕ್ರಮ

ಜನವರಿಯಲ್ಲಿ ನಾನು ಕೂರುವುದು ಕಣದ ಪಕ್ಕದ ಜಗಲಿಯಲ್ಲಿ. ಎದುರಿಗೆ ರೋಬಸ್ಟಾ ಕಾಫಿ ಒಣಗುತ್ತಿರುತ್ತದೆ, ಲ್ಯಾಪ್‌ಟಾಪಿನಲ್ಲಿ ಆಫೀಸಿನ ಸರ್ವರ್‌ಗಳ ಕೆಲಸ ನಡೆಯುತ್ತಿರುತ್ತದೆ. ಆ ಬಿಸಿಲಿಗೆ ಕಪ್ಪು ಪರದೆಯಲ್ಲಿ ನಮ್ಮ ಮುಖ ಕಾಣುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಜುಲೈಯಲ್ಲಿ ಕಥೆಯೇ ಬೇರೆ. ಮಧ್ಯಾಹ್ನ ಮೂರಕ್ಕೇ ಒಳಗೆಲ್ಲ ಕತ್ತಲೆ, ಕರೆಂಟ್ ಇರುವುದಿಲ್ಲ, ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ನನಗೆ ಎರಡು ಥೀಮ್ ಬೇಕೇ ಬೇಕು. ಹಿಂದೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಿಟ್ಟಿ (ನನ್ನ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ), ವಿಮ್ (ಫೈಲ್ ತಿದ್ದುವ ಎಡಿಟರ್), ಟಿಮಕ್ಸ್ (ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ನಡೆಸುವುದು), ಬ್ಯಾಟ್ (ಫೈಲನ್ನು ಬಣ್ಣದಲ್ಲಿ ತೋರಿಸುವುದು), ಎಫ್‌ಝಡ್‌ಎಫ್ (ಪಟ್ಟಿಯಲ್ಲಿ ಹುಡುಕುವುದು) ಎಲ್ಲದರ ಸೆಟ್ಟಿಂಗ್ ಫೈಲೂ ತೆರೆಯಬೇಕಿತ್ತು. ತೋಟದ ಆಫೀಸಿನ ಡೆಸ್ಕ್‌ಟಾಪ್, ಮಳೆ ಲೆಕ್ಕ ಇಡುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಇವುಗಳಲ್ಲೂ ಅದೇ ಕೆಲಸ. ಈಗ ಒಂದು ಫೈಲ್ ಬದಲಾಯಿಸಿದರೆ ಮುಗಿಯಿತು.

ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳದಿದ್ದರೆ, ಇಂಗ್ಲಿಷ್ ಸಣ್ಣಕ್ಷರದಲ್ಲೇ ಮಾಡಿ.

ಮೊದಲು ಹೋಮ್ ಫೋಲ್ಡರಿನಲ್ಲಿ "ಎಲ್‌ಎಸ್ ಹೈಫನ್ ಎ" ಹೊಡೆದು ನೋಡಿ. ಸಾಮಾನ್ಯವಾಗಿ ಕಣ್ಣಿಗೆ ಬೀಳದ, ಚುಕ್ಕಿಯಿಂದ ಶುರುವಾಗುವ ಹೆಸರುಗಳ ಸಾಲೇ ಬರುತ್ತದೆ, ಬಹುಪಾಲು ಪ್ರೋಗ್ರಾಮುಗಳ ಸೆಟ್ಟಿಂಗ್. ಇವು ಅಡಗಿರುವುದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ. ಲಿನಕ್ಸ್‌ನ ಹಿರಿಯನಾದ ಯುನಿಕ್ಸ್‌ನ ಮೊದಲ ದಿನಗಳಲ್ಲಿ ಒಂದು ಚುಕ್ಕಿ (ಇದೇ ಫೋಲ್ಡರ್), ಎರಡು ಚುಕ್ಕಿ (ಅದರ ಮೇಲಿನ ಫೋಲ್ಡರ್) ಎಂಬ ಎರಡು ನಮೂದುಗಳನ್ನು ಪಟ್ಟಿಯಿಂದ ಬಿಡಲು, ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಮೊದಲ ಅಕ್ಷರವನ್ನಷ್ಟೇ ನೋಡುತ್ತಿತ್ತು, ಅದರಿಂದ ಚುಕ್ಕಿಯ ಹೆಸರೆಲ್ಲ ಕಣ್ಮರೆಯಾದವು ಎಂದು ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ದಾರೆ. ಆಮೇಲೆ ಬಂದ ಪ್ರತಿ ಪ್ರೋಗ್ರಾಮೂ ತನ್ನ ಸಾಮಾನನ್ನು ಅಲ್ಲೇ ಸುರಿಯಿತು. ಇದನ್ನು ಸರಿಮಾಡಲು, ಲಿನಕ್ಸ್ ಡೆಸ್ಕ್‌ಟಾಪುಗಳಿಗೆ ಸಾಮಾನ್ಯ ನಿಯಮ ಮಾಡುವ ಫ್ರೀಡೆಸ್ಕ್‌ಟಾಪ್‌ನವರು ಎಕ್ಸ್‌ಡಿಜಿ ಎಂಬ ಕಟ್ಟಳೆ ಮಾಡಿದರು (~ ಎಂದರೆ ಹೋಮ್ ಫೋಲ್ಡರ್): ಸೆಟ್ಟಿಂಗ್ ~/.ಕಾನ್ಫಿಗ್‌ನಲ್ಲಿ, ಡೇಟಾ ~/.ಲೋಕಲ್/ಶೇರ್‌ನಲ್ಲಿ, ಬಿಸಾಡಿದರೂ ನಷ್ಟವಿಲ್ಲದ್ದು ~/.ಕ್ಯಾಶ್‌ನಲ್ಲಿ. ನಮಗೆ ಬೇಕಾದದ್ದು ಮೊದಲನೆಯದು ಮಾತ್ರ.

ಗಿಟ್ (ಫೈಲುಗಳ ಬದಲಾವಣೆಯನ್ನೆಲ್ಲ ದಾಖಲಿಸಿಡುವ ಪ್ರೋಗ್ರಾಂ), ಟಿಮಕ್ಸ್ (3.1ನೇ ಆವೃತ್ತಿಯಿಂದ), ಬ್ಯಾಟ್, ಕಿಟ್ಟಿ ಎಲ್ಲವೂ ಕಾನ್ಫಿಗ್ ಫೋಲ್ಡರನ್ನು ಓದುತ್ತವೆ. ವಿಮ್ 2024ರಲ್ಲಿ ಈ ದಾರಿಗೆ ಬಂತು. ಸ್ಥಳಾಂತರ ಮಾಡಿದ ಮೇಲೆ ಹೋಮ್‌ನಲ್ಲಿರುವ ಹಳೆಯ ಫೈಲ್ ತೆಗೆಯುವುದನ್ನು ಮರೆಯಬೇಡಿ. ಗಿಟ್ ಎರಡನ್ನೂ ಓದಿ ಹಳೆಯದರ ಮಾತನ್ನೇ ನಡೆಸುತ್ತದೆ. ವಿಮ್‌ಗೆ ಹಳೆಯ ವಿಮ್‌ಆರ್‌ಸಿ ಸಿಕ್ಕರೆ ಹೊಸದರ ಕಡೆ ತಿರುಗಿಯೂ ನೋಡುವುದಿಲ್ಲ. ಝಡ್‌ಶೆಲ್ (ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕಮಾಂಡನ್ನು ನಡೆಸುವ ಪ್ರೋಗ್ರಾಂ) ಬಳಸುವವರು ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಝಡ್-ಎಸ್-ಎಚ್-ಎನ್ವ್ ಫೈಲ್ ಒಂದನ್ನೇ ಉಳಿಸಿ, ಅದರಲ್ಲಿ ಝಡ್-ಡಾಟ್-ಡಿರ್ (ಪೂರ್ತಿ ದೊಡ್ಡಕ್ಷರ) ಎಂಬ ವೇರಿಯಬಲ್‌ಗೆ ಕಾನ್ಫಿಗ್ ಒಳಗಿನ ಫೋಲ್ಡರಿನ ದಾರಿ ಕೊಟ್ಟರೆ ಸಾಕು. ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಹೋಗುವ ಪ್ರೋಗ್ರಾಂ) ಫೋಲ್ಡರನ್ನು ಮಾತ್ರ ಮುಟ್ಟಬೇಡಿ, ಅದರ ಜಾಗ ಅದೇ.

ಇನ್ನು ಮೂರೂ ಯಂತ್ರಗಳಿಗೆ ಹಂಚುವುದು. ಹೋಮ್‌ನಲ್ಲಿ ಡಾಟ್‌ಫೈಲ್ಸ್ ಎಂಬ ಫೋಲ್ಡರ್ ಮಾಡಿ ಅದನ್ನು ಗಿಟ್‌ಗೆ ಸೇರಿಸಿ. ಒಳಗೆ ಪ್ರೋಗ್ರಾಮಿಗೊಂದು ಫೋಲ್ಡರ್. ಪ್ರತಿಯೊಂದರ ಒಳಗೂ ಹೋಮ್‌ನಿಂದ ಹಿಡಿದು ಪೂರ್ತಿ ದಾರಿ ಹಾಗೇ ಇರಬೇಕು: ಡಾಟ್‌ಫೈಲ್ಸ್/ಟಿಮಕ್ಸ್/.ಕಾನ್ಫಿಗ್/ಟಿಮಕ್ಸ್/ಟಿಮಕ್ಸ್.ಕಾನ್ಫ್. ಇದನ್ನು ಜಾಗಕ್ಕೆ ಸೇರಿಸುವುದು ಗ್ನೂ ಸ್ಟೋ ಎಂಬ ಪ್ರೋಗ್ರಾಂ. ಫೈಲನ್ನು ನಕಲು ಮಾಡುವುದಿಲ್ಲ, ಇರಬೇಕಾದ ಜಾಗದಲ್ಲಿ ಲಿಂಕ್, ಅಂದರೆ ನಿಜವಾದ ಫೈಲಿಗೆ ಕೈತೋರುವ ಗುರುತು, ಇಡುತ್ತದೆ. ಹಾಗಾಗಿ ಯಾವ ಕಡೆಯಿಂದ ತಿದ್ದಿದರೂ ತಿದ್ದಿದ್ದು ಡಾಟ್‌ಫೈಲ್ಸ್ ಒಳಗೇ. ಡಾಟ್‌ಫೈಲ್ಸ್ ಒಳಗೆ ನಿಂತು "ಸ್ಟೋ ಹೈಫನ್ ಎನ್ ಹೈಫನ್ ವಿ ಟಿಮಕ್ಸ್" ಎಂದರೆ ಏನು ಮಾಡಲಿದೆ ಎಂದು ಹೇಳುತ್ತದಷ್ಟೆ, ಮಾಡುವುದಿಲ್ಲ. ಆ ಜಾಗದಲ್ಲಿ ಮೊದಲೇ ನಿಜವಾದ ಫೈಲ್ ಇದ್ದರೆ ಕೆಲಸ ನಿಲ್ಲಿಸಿ ತಕರಾರು ತೆಗೆಯುತ್ತದೆ. ಅದನ್ನು ಬೇರೆ ಕಡೆ ಸರಿಸಿ ಮತ್ತೆ ಓಡಿಸಿ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು. ಪೈಗೆ ಹೊಸ ಕಾರ್ಡ್ ಹಾಕಿ ಮೊದಲ ಕೆಲಸವಾಗಿ ಟಿಮಕ್ಸ್ ಒಂದನ್ನೇ ಸ್ಟೋ ಮಾಡಿದೆ. ಹೊಸ ಸಿಸ್ಟಮ್‌ನಲ್ಲಿ ಇನ್ನೂ ಕಾನ್ಫಿಗ್ ಫೋಲ್ಡರೇ ಹುಟ್ಟಿರಲಿಲ್ಲ. ಸ್ಟೋ ಆದಷ್ಟು ಕಡಿಮೆ ಲಿಂಕ್ ಹಾಕಲು ನೋಡುತ್ತದೆ, ಆದ್ದರಿಂದ ಫೈಲಿಗೆ ಲಿಂಕ್ ಮಾಡುವ ಬದಲು ಇಡೀ ಕಾನ್ಫಿಗ್ ಫೋಲ್ಡರನ್ನೇ ಡಾಟ್‌ಫೈಲ್ಸ್‌ನ ಟಿಮಕ್ಸ್‌ಗೆ ಲಿಂಕ್ ಮಾಡಿತು. ಒಂದು ವಾರ ಪೈನಲ್ಲಿ ಯಾವ ಪ್ರೋಗ್ರಾಂ ಏನು ಬರೆದರೂ ನನ್ನ ಗಿಟ್ ಒಳಗೆ ಬಂದು ಬಿತ್ತು. ಅದರಲ್ಲಿ ಮಳೆ ಲೆಕ್ಕದ ಬ್ಯಾಕಪ್‌ನ ಪಾಸ್‌ವರ್ಡ್ ಇದ್ದ ಫೈಲೂ ಇತ್ತು. ನೋಡದೆ ಎಲ್ಲವನ್ನೂ ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ) ಪುಶ್ ಮಾಡಿದೆ (ಸರ್ವರ್‌ಗೆ ಕಳಿಸಿದೆ). ಹೀಗಾದಾಗ ಫೈಲ್ ಅಳಿಸಿ ಇನ್ನೊಂದು ಕಮಿಟ್ ಮಾಡಿದರೆ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಪಾಸ್‌ವರ್ಡ್ ಬದಲಾಯಿಸುವುದೇ ದಾರಿ. ಆ ರಾತ್ರಿಯೇ ಬದಲಾಯಿಸಿದೆ. ಆಮೇಲೆ "ಸ್ಟೋ ಹೈಫನ್ ದೊಡ್ಡ ಡಿ ಟಿಮಕ್ಸ್" ಎಂದು ಲಿಂಕ್ ಬಿಡಿಸಿ, ಕಾನ್ಫಿಗ್ ಫೋಲ್ಡರನ್ನು ಕೈಯಾರೆ ಮಾಡಿ, ಬೇರೆ ಪ್ರೋಗ್ರಾಮುಗಳ ಫೈಲುಗಳನ್ನು ಅದಕ್ಕೆ ಸಾಗಿಸಿ, "ಹೈಫನ್ ಹೈಫನ್ ನೋ ಹೈಫನ್ ಫೋಲ್ಡಿಂಗ್" ಸೇರಿಸಿ ಮತ್ತೆ ಸ್ಟೋ ಮಾಡಿದೆ. ಈ ಆಯ್ಕೆ ಇದ್ದರೆ ಫೋಲ್ಡರಿಗೆ ಲಿಂಕ್ ಬೀಳುವುದಿಲ್ಲ, ಫೈಲಿಗೆ ಮಾತ್ರ. ನೀವು ಮೊದಲ ದಿನದಿಂದಲೇ ಸೇರಿಸಿ. ಕಮಿಟ್ ಮಾಡುವ ಮೊದಲು, ಏನೇನು ಬದಲಾಗಿದೆ ಎಂದು ತೋರಿಸುವ ಗಿಟ್ ಸ್ಟೇಟಸ್ ಓದಿ.

ಆಫೀಸಿನ ಕೆಲಸಕ್ಕೆ ಒಂದು ಇಮೇಲ್, ತೋಟದ ಕೆಲಸಕ್ಕೆ ಇನ್ನೊಂದು ಇದ್ದರೆ ಗಿಟ್ ಕಾನ್ಫಿಗ್‌ನಲ್ಲಿ ಇನ್‌ಕ್ಲೂಡ್-ಇಫ್ ಬಳಸಿ. ಇಂಥ ಫೋಲ್ಡರಿನೊಳಗಿದ್ದರೆ ಇಂಥ ಫೈಲ್ ಓದು ಎಂದು ಹೇಳಬಹುದು, ಫೈಲ್ ಮೂರೂ ಯಂತ್ರದಲ್ಲಿ ಒಂದೇ ಇರುತ್ತದೆ.

ಈಗ ಬಣ್ಣ. ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ: ಪ್ರತಿ ಪ್ರೋಗ್ರಾಮಿಗೂ ಒಂದೇ ಹೆಸರಿನ ಥೀಮ್ ಹುಡುಕಿ ಹಾಕುವುದು ತಪ್ಪು ದಾರಿ. ಟರ್ಮಿನಲ್‌ಗೆ 0ಯಿಂದ 15ರವರೆಗೆ ಹದಿನಾರು ಮೂಲ ಬಣ್ಣಗಳಿವೆ. 1 ಎಂದರೆ ಕೆಂಪು, 4 ಎಂದರೆ ನೀಲಿ. ಆದರೆ ಯಾವ ಕೆಂಪು, ಎಷ್ಟು ನೀಲಿ ಎಂದು ತೀರ್ಮಾನಿಸುವುದು ಟರ್ಮಿನಲ್. ಪ್ರೋಗ್ರಾಮುಗಳು ಸಂಖ್ಯೆ ಮಾತ್ರ ಹೇಳಲಿ, ಬಣ್ಣದ ಬೆಲೆ ಕಿಟ್ಟಿ ಒಂದರಲ್ಲೇ ಇರಲಿ.

ಬ್ಯಾಟ್‌ನ ಕಾನ್ಫಿಗ್‌ನಲ್ಲಿ ಥೀಮ್ ಆನ್ಸಿ (ಟರ್ಮಿನಲ್‌ನ ಮೂಲ ಬಣ್ಣಗಳನ್ನೇ ಬಳಸುವ ಥೀಮ್) ಎಂದು ಕೊಡಿ. ಎಫ್‌ಝಡ್‌ಎಫ್‌ಗೆ ಕಲರ್ 16. ವಿಮ್‌ನಲ್ಲಿ ಟರ್ಮ್-ಗುಯಿ-ಕಲರ್ಸ್ ಆನ್ ಮಾಡಬೇಡಿ, ಮಾಡಿದರೆ ಅದು ಸಂಖ್ಯೆ ಬಿಟ್ಟು ತನ್ನದೇ ಬಣ್ಣ ಹಾಕುತ್ತದೆ. ಟಿಮಕ್ಸ್‌ನಲ್ಲಿ ರೆಡ್, ಬ್ಲೂ ಎಂಬ ಹೆಸರುಗಳನ್ನೇ ಬಳಸಿ, ಆರಂಕಿ ಕೋಡ್ ಬೇಡ. ಗಿಟ್, ಎಲ್‌ಎಸ್ ಮೊದಲಿನಿಂದಲೂ ಹೀಗೇ ನಡೆದುಕೊಳ್ಳುತ್ತವೆ. ಎಲ್ಲೂ ಅಕ್ಷರಕ್ಕೆ ಬಿಳಿ ಅಥವಾ ಕಪ್ಪು ಎಂದು ಬರೆಯಬೇಡಿ, ಡಿಫಾಲ್ಟ್ ಎಂದು ಬರೆಯಿರಿ. ಬಿಳಿ ಅಕ್ಷರ ಜುಲೈಯಲ್ಲಿ ಕಾಣುತ್ತದೆ, ಜನವರಿಯಲ್ಲಿ ಮಾಯ.

ಕಿಟ್ಟಿಯ ಫೋಲ್ಡರಿನಲ್ಲಿ ನನ್ನ ಎರಡು ಫೈಲ್‌ಗಳಿವೆ: ಬಿಸಿಲು.ಕಾನ್ಫ್, ಮಳೆ.ಕಾನ್ಫ್. ಎರಡರಲ್ಲೂ ಹದಿನಾರು ಬಣ್ಣ, ಹಿನ್ನೆಲೆ, ಅಕ್ಷರದ ಬಣ್ಣ. ಮುಖ್ಯ ಫೈಲಿನಲ್ಲಿ "ಇನ್‌ಕ್ಲೂಡ್ ಈಗ.ಕಾನ್ಫ್" ಎಂಬ ಒಂದು ಸಾಲು. ಬೇಕಾದ್ದನ್ನು ಈಗ.ಕಾನ್ಫ್ ಮೇಲೆ ನಕಲು ಮಾಡಿ ಕಂಟ್ರೋಲ್-ಶಿಫ್ಟ್-ಎಫ್5 ಒತ್ತಿದರೆ ತೆರೆದಿರುವ ಕಿಟಕಿಯೂ ಬದಲಾಗುತ್ತದೆ. ಈಗ.ಕಾನ್ಫ್ ಅನ್ನು ಗಿಟ್‌ಗೆ ಸೇರಿಸಬೇಡಿ, ಅದು ಆಯಾ ಯಂತ್ರದ ಇವತ್ತಿನ ಮಾತು.

ಪ್ಯಾಲೆಟ್ (ಹದಿನಾರು ಬಣ್ಣಗಳ ಗುಂಪು) ಆರಿಸುವಾಗ 8ನೇ ಬಣ್ಣವನ್ನು ಪರೀಕ್ಷಿಸಿ. ನಾನು ಮೊದಲು ಹಾಕಿದ್ದು ಸೋಲರೈಸ್ಡ್ ಎಂಬ ಸಿದ್ಧ ಪ್ಯಾಲೆಟ್ಟಿನ ಕಡುಬಣ್ಣದ ಥೀಮ್. ಅಣ್ಣನ ಮಗಳು ರಜೆಗೆ ಬಂದವಳು ನನ್ನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾ, "ಚಿಕ್ಕಪ್ಪ, ನಿಮ್ಮದರಲ್ಲಿ ಹಳೆ ಕಮಾಂಡ್ ಸೂಚನೆ ಬರೋದೇ ಇಲ್ವಲ್ಲ, ನನ್ನದರಲ್ಲಿ ಬರುತ್ತೆ" ಎಂದಳು. ಬರುತ್ತಲೇ ಇತ್ತು. ಝಡ್‌ಶೆಲ್‌ನ ಆಟೋ ಸಜೆಶನ್ಸ್ ಎಂಬ ಸೇರ್ಪಡೆ ಆ ಸೂಚನೆ ತೋರಿಸುವುದು 8ನೇ ಬಣ್ಣದಲ್ಲಿ, ಸೋಲರೈಸ್ಡ್‌ನ ಆ ಥೀಮ್‌ನಲ್ಲಿ 8 ಎಂದರೆ ಹಿನ್ನೆಲೆಯ ಬಣ್ಣವೇ. ಅಕ್ಷರ ಇದ್ದೂ ಕಾಣುತ್ತಿರಲಿಲ್ಲ. 8ಕ್ಕೆ ಒಂದು ನಡುಬೂದು ಕೊಟ್ಟೆ, ಸರಿಹೋಯಿತು.

ಪೈಗೆ ಥೀಮ್ ಹಾಕಲೇ ಇಲ್ಲ, ಬೇಕಾಗಲೂ ಇಲ್ಲ. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋದರೆ ಅದು ಕಳಿಸುವುದು ಸಂಖ್ಯೆ, ಬಣ್ಣ ತುಂಬುವುದು ನನ್ನ ಕೈಯಲ್ಲಿರುವ ಟರ್ಮಿನಲ್. ಮಳೆ ಲೆಕ್ಕದ ಸ್ಕ್ರಿಪ್ಟಿನಲ್ಲೂ ಮಳೆಯ ಅಳತೆಯಾದ ಇಂಚು-ಸೆಂಟಿನ ಮುಂದೆ "ಟಿಪುಟ್ ಸೆಟ್‌ಎಎಫ್ 4" (ಇಲ್ಲಿಂದ ಅಕ್ಷರಕ್ಕೆ 4ನೇ ಬಣ್ಣ) ಎಂದಷ್ಟೇ ಬರೆದಿದ್ದೇನೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯನ್ನು ಜಗಲಿಯ ಬಿಸಿಲಲ್ಲಿ ಕೂತು ನೋಡಿದರೆ ಬಿಳಿಯ ಮೇಲೆ ಕಡುನೀಲಿ, ಜುಲೈ ಮಳೆಯನ್ನು ಒಳಗೆ ಕೂತು ನೋಡಿದರೆ ಕಪ್ಪಿನ ಮೇಲೆ ತಿಳಿನೀಲಿ. ಸ್ಕ್ರಿಪ್ಟಿನ ಒಂದಕ್ಷರವನ್ನೂ ಮುಟ್ಟಿಲ್ಲ.